ಗುಡ್ಡೆಯ ಹೊಟ್ಟೆಯೊಳಗಿನ ನೀರು ಉಪಗ್ರಹಕ್ಕೆ ಕಾಣುವುದಿಲ್ಲ

ನಮ್ಮ ಮನೆ ಹಿಂದೆ ಒಂದು ಗುಡ್ಡೆ ಇದೆ. ಪೆರ್ಲದಿಂದ ಸ್ವಲ್ಪ ಒಳಗೆ. ಮೇಲೆ ಪಾರೆ, ಅಂದರೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹಾಸು, ಬದಿಯಲ್ಲಿ ಗೇರು, ಕೆಳಗೆ ಅಡಿಕೆ ತೋಟ. ಕಾಸರಗೋಡಿನ ಈ ಮೂಲೆಯಲ್ಲಿ ಯಾವ ಗುಡ್ಡೆ ನೋಡಿದರೂ ಹೆಚ್ಚು ಕಮ್ಮಿ ಹೀಗೇ. ಎರಡು ವರ್ಷದ ಹಿಂದೆ ಆ ಪಾರೆಯಲ್ಲಿ ಕಲ್ಲಿನ ಕೋರೆ ತೆರೆಯಲು ಒಬ್ಬರು ಅರ್ಜಿ ಹಾಕಿದರು. ನಾವು ನಾಲ್ಕು ಮನೆಯವರು ಸೇರಿ ಒಂದು ಕಚೇರಿಗೆ ಹೋದೆವು. ಅಲ್ಲಿ ಕಲ್ಲು ಕಡಿದರೆ ನಮ್ಮ ಸುರಂಗಗಳ ನೀರು ಹೋಗುತ್ತದೆ ಅಂದೆವು. ಅಲ್ಲಿದ್ದವರು ಒಳ್ಳೆಯವರೇ, ಬೈಯಲಿಲ್ಲ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, "ಸುರಂಗ ಎಲ್ಲುಂಟು, ಇದರಲ್ಲಿ ತೋರಿಸಿ" ಅಂದರು. ಪರದೆಯಲ್ಲಿ ನಮ್ಮ ಗುಡ್ಡೆ ಒಂದು ಕಂದು ತೇಪೆಯ ಹಾಗಿತ್ತು. ಮರ ಇಲ್ಲ, ನೀರಿಲ್ಲ, ಮನೆಯೂ ಇಲ್ಲ. ತೋರಿಸಲು ಏನೂ ಇರಲಿಲ್ಲ.

ಆ ದಿನದಿಂದ ನನಗೆ ನಕ್ಷೆಯ ಹುಚ್ಚು ಹಿಡಿಯಿತು. ನಾನು ಶಾಲೆ ಮಾಷ್ಟ್ರು, ಎಂಜಿನಿಯರ್ ಅಲ್ಲ. ಗೊತ್ತಿದ್ದವರನ್ನು ಕೇಳಿ, ತಪ್ಪಿ, ತಿದ್ದಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ), ಸ್ಯಾಟಲೈಟ್ ಮ್ಯಾಪಿಂಗ್ ಅಂತೆಲ್ಲ ಕೇಳಿದ ಕೂಡಲೇ ಅದು ನಮ್ಮದಲ್ಲ ಅಂತ ಬಿಟ್ಟುಬಿಡುತ್ತೇವೆ, ಅಲ್ವಾ? ಆಮೇಲೆ ಅದೇ ನಕ್ಷೆ ನೋಡಿಕೊಂಡು ಯಾರೋ ನಮ್ಮ ಗುಡ್ಡೆಯ ಭವಿಷ್ಯ ಬರೆಯುತ್ತಾರೆ.

ಸುರಂಗ ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ಒಂದು ಮಾತು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡೆಯ ಒಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಅಗಲ ಎರಡಡಿ ಚಿಲ್ಲರೆ, ಎತ್ತರ ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ನಿಲ್ಲುವಷ್ಟು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಮುರಕಲ್ಲು ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತದೆ. ಆ ನೀರು ತನ್ನಷ್ಟಕ್ಕೆ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಜಿಲ್ಲೆಯಲ್ಲಿ ಇಂಥವು ಸಾವಿರಗಟ್ಟಲೆ ಇವೆ.

ಈಗ ನಕ್ಷೆಗೆ ಬರೋಣ.

ಕಂಪ್ಯೂಟರಿನ ನಕ್ಷೆ ಒಂದೇ ಚಿತ್ರವಲ್ಲ. ಒಂದರ ಮೇಲೊಂದು ಇಟ್ಟ ಟ್ರೇಸಿಂಗ್ ಪೇಪರುಗಳು ಅಂದುಕೊಳ್ಳಿ. ಒಂದು ಹಾಳೆಯಲ್ಲಿ ತೋಡು (ಸಣ್ಣ ಹಳ್ಳ), ಹೊಳೆ. ಇನ್ನೊಂದರಲ್ಲಿ ಸರ್ವೆ ನಂಬ್ರದ ಗಡಿ. ಮತ್ತೊಂದರಲ್ಲಿ ಮನೆಗಳು. ಎಲ್ಲಕ್ಕೂ ಅಕ್ಷಾಂಶ ರೇಖಾಂಶ ಒಂದೇ ಆದ್ದರಿಂದ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಇಷ್ಟಾದರೆ ಸಾಕು, ಕಂಪ್ಯೂಟರನ್ನು ಪ್ರಶ್ನೆ ಕೇಳಬಹುದು. ಈ ಕೋರೆಯಿಂದ 100 ಮೀಟರ್ ಒಳಗೆ ಎಷ್ಟು ಸುರಂಗ ಇದೆ? ಅದರ ನೀರು ಕುಡಿಯುವ ಮನೆ ಎಷ್ಟು? ಬಾಯಲ್ಲಿ ಹೇಳಿದರೆ ಇದು ಜಗಳ. ಹಾಳೆಗಳನ್ನು ಜೋಡಿಸಿ ಹೇಳಿದರೆ ಲೆಕ್ಕ. ಆದರೆ ಹಾಳೆಯಲ್ಲಿ ಸುರಂಗವೇ ಇಲ್ಲದಿದ್ದರೆ ಕಂಪ್ಯೂಟರಿನ ಉತ್ತರ ಸೊನ್ನೆ. ನಮಗೆ ಆದದ್ದು ಅದೇ.

ಹಾಳೆಯಲ್ಲಿ ಯಾಕೆ ಇರಲಿಲ್ಲ? ಉಪಗ್ರಹ ನೆಲವನ್ನು ಚೌಕ ಚೌಕವಾಗಿ ನೋಡುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಒಂದು ಚೌಕ 10 ಮೀಟರ್ ಅಗಲ, 10 ಮೀಟರ್ ಉದ್ದ. ನಮ್ಮ ಭಾಷೆಯಲ್ಲಿ ಸುಮಾರು ಎರಡೂವರೆ ಸೆಂಟ್ಸ್ ಜಾಗ. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಿಂದ ಭೂಮಿಯ ಫೋಟೋ ತೆಗೆಯುತ್ತಿರುವ ಹಿರಿಯ ಸಂಸಾರ, ಅದರ ಈಗಿನ ಚೌಕ 30 ಮೀಟರಿನದು, ಅಂದರೆ 22 ಸೆಂಟ್ಸ್. ಆ ಇಡೀ 22 ಸೆಂಟ್ಸಿಗೆ ಒಂದೇ ಬಣ್ಣ ಸಿಗುತ್ತದೆ. ಅದರೊಳಗೆ ಎರಡಡಿ ಅಗಲದ ಸುರಂಗದ ಬಾಯಿ, ಅದೂ ಅಡಿಕೆ ಸೋಗೆಯ ಅಡಿಯಲ್ಲಿ! ಕಾಣುವ ಮಾತೇ ಇಲ್ಲ. ಗೂಗಲ್ ಮ್ಯಾಪಿನಲ್ಲಿ ಮನೆಗಳ ಮಾಡು ಎಣಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಎಣಿಸಬಹುದು, ಅವು ಜಾಸ್ತಿ ಸ್ಪಷ್ಟವಾದ ಬೇರೆ ಚಿತ್ರಗಳು. ಆದರೆ ಅವೂ ಮರದ ತಲೆಯನ್ನು ದಾಟಿ ಕೆಳಗೆ ನೋಡಲಾರವು.

ಬಣ್ಣದ ವಿಷಯದಲ್ಲಿ ಇನ್ನೊಂದು ಮೋಸ ಇದೆ, ಇದು ನನಗೆ ತುಂಬ ತಡವಾಗಿ ಹೊಳೆದದ್ದು. ಎಲೆಯಲ್ಲಿರುವ ಹಸಿರು ಅಂಶ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಎಲೆ ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸದಿಂದ ಇಲ್ಲಿ ಎಷ್ಟು ಹಸಿರಿದೆ ಅಂತ ಅಂಕ ಕೊಡುತ್ತಾರೆ. ಎನ್‌ಡಿವಿಐ ಅನ್ನುವುದು ಇದಕ್ಕೇ. ಈ ಅಂಕ ನೋಡಿದರೆ ರಬ್ಬರ್ ತೋಟ ಬಹಳ ಬುದ್ಧಿವಂತ ವಿದ್ಯಾರ್ಥಿ. ನಮ್ಮ ಪಾರೆ ಫೇಲ್. ಅದರಲ್ಲೂ ಚಿತ್ರ ಮಾರ್ಚ್ ತಿಂಗಳಿನದ್ದಾದರೆ ಕೇಳುವುದೇ ಬೇಡ, ಸುಟ್ಟ ಕಲ್ಲು, ಒಣ ಹುಲ್ಲು. ಕೇಂದ್ರ ಸರಕಾರ ಹೊರತರುವ ಬಂಜರು ಭೂಮಿಯ ಅಟ್ಲಾಸಿನಲ್ಲಿ 'ಬೋಳು ಕಲ್ಲು ನೆಲ' ಅಂತಲೇ ಒಂದು ಜಾತಿ ಇದೆ. ಅದೇ ಪಾರೆಗೆ ಆಗಸ್ಟಿನಲ್ಲಿ ಬನ್ನಿ. ಅಂಗೈ ಆಳದ ನೀರು ನಿಂತಿರುತ್ತದೆ, ಮಲಯಾಳಿಗಳು ಕಾಕ್ಕಪ್ಪೂ ಅನ್ನುವ ನೀಲಿ ಹೂವು ಹಾಸಿದ ಹಾಗೆ ಅರಳಿರುತ್ತದೆ, ಮಕ್ಕಳು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಕೀಳಲು ಬರುತ್ತಾರೆ. ಆ ಹೂವಿನ ಗಿಡ ಬೇರಿನ ಹತ್ತಿರ ಸಣ್ಣ ಚೀಲ ಇಟ್ಟುಕೊಂಡು ಹುಳ ಹಿಡಿದು ತಿನ್ನುತ್ತದೆ ಅಂದರೆ ಮಕ್ಕಳು ನಂಬುವುದಿಲ್ಲ. ಅಷ್ಟೆಲ್ಲ ಜೀವ ಇರುವ ಜಾಗ ಬೋಳಾದದ್ದು ಫೋಟೋ ತೆಗೆದ ತಿಂಗಳಿನಿಂದ.

ಹಾಗಾದರೆ ಆಗಸ್ಟಿನ ಚಿತ್ರವನ್ನೇ ತೆಗೆದರಾಯಿತಲ್ಲ? ಆಗ ಮೋಡ. ಮಾಮೂಲಿ ಉಪಗ್ರಹಕ್ಕೆ ನಮ್ಮ ಜಿಲ್ಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಳಿ ಹತ್ತಿ. ರಾಡಾರ್ ಇರುವ ಉಪಗ್ರಹಗಳು ಮೋಡ ದಾಟಿ ನೋಡುತ್ತವೆ, ಸೆಂಟಿನೆಲ್-1 ಅಂಥದ್ದು. ನೆರೆ ನೀರು ಎಲ್ಲಿತನಕ ಬಂತು ಅಂತ ಗುರುತಿಸಲು ಅದು ಒಳ್ಳೆಯದು. ಹೂವು ಅದಕ್ಕೂ ಕಾಣುವುದಿಲ್ಲ ಅನ್ನಿ.

ಮುಂದಿನದು ಎತ್ತರದ ಹಾಳೆ. ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು ಇದೇ. 2000ದ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆಯೊಂದು 11 ದಿನ ಸುತ್ತಿ, ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಆ ಲೆಕ್ಕ ಈಗ ಯಾರಿಗೂ ಪುಕ್ಕಟೆ ಸಿಗುತ್ತದೆ. ಪ್ರತಿ ಚೌಕಕ್ಕೂ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅಂತ ಒಂದು ಸಂಖ್ಯೆ. ಈಗ ಒಂದು ಚೌಕದ ಮೇಲೆ ಒಂದು ಹನಿ ಮಳೆ ಬಿತ್ತು ಅಂತಿಟ್ಟುಕೊಳ್ಳಿ. ಸುತ್ತ ಎಂಟು ಚೌಕ. ಯಾವ ಕಡೆ ಇಳಿಜಾರು ಜಾಸ್ತಿಯೋ ಹನಿ ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಎಂಟರಲ್ಲಿ ಒಂದಕ್ಕೆ. ಹೀಗೆ ಎಲ್ಲ ಚೌಕದ ಹನಿಯನ್ನೂ ಓಡಿಸಿದರೆ ತೋಡುಗಳು ತಾವಾಗಿ ಮೂಡುತ್ತವೆ. ಒಂದು ತೋಡಿಗೆ ನೀರು ಕೊಡುವ ಚೌಕಗಳನ್ನೆಲ್ಲ ಒಟ್ಟು ಸೇರಿಸಿದರೆ ಅದರ ಜಲಾನಯನ. ಕ್ಯೂಜಿಐಎಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇದನ್ನು ಮಾಡಲು ಚಹಾ ಕುಡಿಯುವಷ್ಟು ಹೊತ್ತು ಸಾಕು.

ನಾನು ಮಾಡಿದೆ. ತೋಡು ನಮ್ಮ ನೆರೆಮನೆಯವರ ಅಂಗಳದ ನಡುವೆ ಹರಿಯಿತು! ಅಸಲಿಗೆ ಅದು ತೋಟದ ಆಚೆ ಬದಿಯಲ್ಲಿದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ರಾಡಾರು ಅಡಿಕೆ ತೋಟದ ತಲೆಯನ್ನೇ ಹೆಚ್ಚು ಕಮ್ಮಿ ನೆಲ ಅಂದುಕೊಂಡಿದೆ. ತಗ್ಗಾದ ಬೈಲಿನಲ್ಲಿರುವ ತೋಟ ಅದಕ್ಕೆ ಸಣ್ಣ ದಿಬ್ಬ. ನೀರು ದಿಬ್ಬ ಸುತ್ತಿ ಅಂಗಳಕ್ಕೆ ಬಂದಿದೆ. ದೊಡ್ಡ ಹೊಳೆಗೆ ಇದು ಲೆಕ್ಕಕ್ಕಿಲ್ಲ, ಪಯಸ್ವಿನಿ ಎಲ್ಲಿ ಹರಿಯಬೇಕೋ ಅಲ್ಲೇ ಹರಿಯುತ್ತಾಳೆ. ನಮ್ಮಂಥ ಸಣ್ಣ ಬೈಲಿಗೆ ಮಾತ್ರ ಕಾಲಲ್ಲಿ ನಡೆದು ತಿದ್ದಬೇಕು.

ನಮ್ಮ ಹಿರಿಯರು ಈ ಎತ್ತರದ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಟ್ಟುಕೊಂಡಿದ್ದರು. ಗದ್ದೆಯಲ್ಲಿ ಮೂರು ಜಾತಿ. ಎತ್ತರದಲ್ಲಿರುವುದು ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ನಡುವೆ ಮಜಲು, ಎರಡು ಬೆಳೆ. ಕೆಳಗೆ ಬೈಲು, ನೀರು ನಿಂತರೆ ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಆಗುತ್ತದೆ. ಯಾವ ನೆಲ ಎಷ್ಟು ಎತ್ತರ, ನೀರಿಗೆ ಎಷ್ಟು ಹತ್ತಿರ ಅನ್ನುವುದನ್ನು ಒಂದೊಂದು ಪದದಲ್ಲಿ ಕಟ್ಟಿಟ್ಟಿದ್ದಾರೆ. ಊರ ಹೆಸರೂ ಹಾಗೇ. ಬದಿಯಡ್ಕ, ಕಾರಡ್ಕ, ಏತಡ್ಕ. ಅಡ್ಕ ಅಂದರೆ ಸಮತಟ್ಟಾದ ತೆರೆದ ನೆಲ, ನಮ್ಮ ಕಡೆ ಹೆಚ್ಚಾಗಿ ಮುರಕಲ್ಲಿನ ಹಾಸು. ಪಳ್ಳ ಅಂತ ಕೊನೆಗೊಂಡರೆ ಅಲ್ಲಿ ನೀರು ನಿಲ್ಲುವ ತಗ್ಗು ಇತ್ತು ಅಂತ ಅರ್ಥ. ಈಗ ಅಲ್ಲಿ ಕಟ್ಟಡ ಎದ್ದಿದ್ದು ಪ್ರತಿ ಜುಲೈಯಲ್ಲಿ ನೀರು ನುಗ್ಗುತ್ತದೆ ಅಂದರೆ ಹೆಸರನ್ನು ಓದಲಿಲ್ಲ ಅಂತ. ಮೂರ್ನಾಲ್ಕು ಭಾಷೆಯ ಜಿಲ್ಲೆಯಲ್ಲಿ ಹೆಸರು ಒಂದೇ ಇರುವುದೂ ಇಲ್ಲ, ಬೇಡಡ್ಕ ಅಂತ ನಾವು ಅನ್ನುವುದು ಇನ್ನೊಬ್ಬರಿಗೆ ಬೇಡಕಂ. ಅಲ್ಲಿಗೆ ಅಡ್ಕ ಹೋಯಿತು, ಅದರೊಟ್ಟಿಗೆ ನೆಲದ ಗುರುತೂ ಹೋಯಿತು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇದಕ್ಕೆ ಒಳ್ಳೆಯ ದಾರಿ. ಅದು ಊರವರೇ ಬರೆಯುವ ನಕ್ಷೆ. ಒಂದೇ ಜಾಗಕ್ಕೆ ಕನ್ನಡ, ಮಲಯಾಳ, ತುಳು ಹೆಸರುಗಳನ್ನು ಬೇರೆ ಬೇರೆ ಖಾನೆಯಲ್ಲಿ ಹಾಕಬಹುದು. ಯಾರ ಹೆಸರನ್ನೂ ಅಳಿಸಬೇಕಾಗಿಲ್ಲ.

ಸುರಂಗದ ಹಾಳೆ ನಾವೇ ಮಾಡಿದ್ದು ಹೀಗೆ. ಏಳನೇ ಕ್ಲಾಸಿನ ಆರು ಮಕ್ಕಳು, ಎರಡು ಮೊಬೈಲು, ಒಂದು ಪುಸ್ತಕ, ಮತ್ತೆ ಒಬ್ಬರು ಅಜ್ಜ. ಅಜ್ಜ ಹಿಂದೆ ಸುರಂಗ ಕೊರೆಯುವ ಕೆಲಸದವರು. ಪಿಕ್ಕಾಸು ಹಿಡಿದ ಕೈ, ಈಗಲೂ ಬೆರಳು ಪೂರ್ತಿ ಬಿಡಿಸಲು ಆಗುವುದಿಲ್ಲ. ಒಳಗೆ ದೀಪ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರಂತೆ, ದೀಪ ಸಣ್ಣಗಾದರೆ ಗಾಳಿ ಕಮ್ಮಿ ಅಂತ ಹೊರಗೆ ಬರುವುದು. ನಾನು ಮೊಬೈಲ್ ಹಿಡಿದು ಗುಡ್ಡೆ ಬದಿಯಲ್ಲಿ ಸಿಗ್ನಲ್ ಹುಡುಕುತ್ತಿದ್ದರೆ ಅವರು ನಗುತ್ತಿದ್ದರು. "ಅದಕ್ಕೆ ಕಾಣುದಿಲ್ಲ ಮಾಷ್ಟ್ರೇ. ನೀವು ಸುಮ್ನೆ ನಿಲ್ಲಿ, ಶಬ್ದ ಕೇಳ್ತದೆ." ನಿಂತೆವು. ಪೊದೆಯ ಹಿಂದೆ ಎಲ್ಲೋ ಟಪ್, ಟಪ್ ಅಂತ ನೀರು ಬೀಳುವ ಸದ್ದು. ಪೊದೆ ಸವರಿದರೆ ಬಾಯಿ ಕಂಡಿತು. ಕೊಳೆತ ಅಡಿಕೆ ದಂಬೆಯ ಒಂದು ತುಂಡು ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು, ಹಿಂದೆ ಅದರಲ್ಲೇ ನೀರು ಕೆರೆಗೆ ಹೋಗುತ್ತಿತ್ತು. ಮನೆಯವರಿಗೇ ಮರೆತುಹೋಗಿದ್ದ ಸುರಂಗ ಅದು.

ತಾಂತ್ರಿಕವಾಗಿ ಕಲಿತ ಒಂದೆರಡು ಮಾತು. ಮೊಬೈಲಿನ ಜಿಪಿಎಸ್ ತೆರೆದ ಜಾಗದಲ್ಲೂ ಐದಾರು ಮೀಟರ್ ತಪ್ಪುತ್ತದೆ, ಗುಡ್ಡೆಯ ಮಡಿಲಲ್ಲಿ, ಮರದ ಅಡಿಯಲ್ಲಿ ಇನ್ನೂ ಜಾಸ್ತಿ. ಹೋದ ಕೂಡಲೇ ಗುಂಡಿ ಒತ್ತಬೇಡಿ. ಎರಡು ಮೂರು ನಿಮಿಷ ನಿಲ್ಲಿ, ಅಂಕೆ ನೆಲೆಗೊಳ್ಳಲಿ, ಎರಡು ಸಲ ತೆಗೆಯಿರಿ. ಆದರೆ ಚುಕ್ಕಿಗಿಂತ ಅದರ ಜೊತೆ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ನಾವು ಉದ್ದ ಎಷ್ಟು ಕೋಲು, ಯಾವ ಕಾಲದಲ್ಲಿ ಕೊರೆದದ್ದು, ಎಷ್ಟು ಮನೆ ನೀರು ಕುಡಿಯುತ್ತದೆ ಅಂತ ಬರೆದೆವು. ಅಜ್ಜ ಒಂದು ಕಾಲಂ ಜಾಸ್ತಿ ಮಾಡಿಸಿದರು: ಮೇ 15ಕ್ಕೆ ನೀರು ಉಂಟಾ? ಇಡೀ ಪಟ್ಟಿಯಲ್ಲಿ ಬೆಲೆಬಾಳುವುದು ಅದೊಂದೇ ಅಂತ ಈಗ ಅನಿಸುತ್ತದೆ. ಜುಲೈಯಲ್ಲಿ ಎಲ್ಲ ಸುರಂಗವೂ ಹರಿಯುತ್ತದೆ. 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ಇದು, ಆದರೂ ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕು 'ಕ್ರಿಟಿಕಲ್', ಅಂದರೆ ಅಂತರ್ಜಲ ಅಪಾಯದ ಅಂಚಿನಲ್ಲಿರುವ, ಪಟ್ಟಿಯಲ್ಲಿತ್ತು. ಬೀಳುವ ನೀರಿಗೆ ಕೊರತೆ ಇಲ್ಲ, ನಿಲ್ಲುವ ನೀರಿಗೆ ಕೊರತೆ.

ನಿಲ್ಲಿಸುವ ಉಪಾಯವೂ ನಮ್ಮಲ್ಲಿ ಹಳೆಯದು. ಏತಡ್ಕದ ಕಡೆ ಈಗಲೂ ತೋಡಿಗೆ ಕಲ್ಲು, ಮಣ್ಣು, ಹಲಗೆಯ ಕಟ್ಟ ಹಾಕುತ್ತಾರೆ. ಮಳೆ ಹೋದ ಮೇಲೆ ಕಟ್ಟುವುದು, ಮುಂದಿನ ಮಳೆಗೆ ಮುಂಚೆ ಬಿಚ್ಚುವುದು. ಇದನ್ನು ನಕ್ಷೆಗೆ ಹಾಕುವುದು ಹೇಗೆ? ಆಗಸ್ಟಿನಲ್ಲಿ ಹೋದರೆ ಅಲ್ಲಿ ಏನೂ ಇಲ್ಲ. ಹಾಗಾಗಿ ಪ್ರತಿ ಚುಕ್ಕಿಗೂ ತಾರೀಖು ಬೇಕು, ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ. ತಾರೀಖು ಇಲ್ಲದ ನಕ್ಷೆಯನ್ನು ನಾನು ಈಗ ನಂಬುವುದಿಲ್ಲ, ಅದು ಎಷ್ಟೇ ಬಣ್ಣಬಣ್ಣವಾಗಿರಲಿ.

ಮಳೆಯ ವಿಷಯಕ್ಕೆ ಬಂದರೆ ನಮ್ಮ ಅಡಿಕೆ ಕೃಷಿಕರ ಹತ್ತಿರ ಒಂದು ನಿಧಿ ಇದೆ. ಅಂಗಳದಲ್ಲಿ ಮಳೆ ಮಾಪಕ ಇಟ್ಟು ದಿನಾ ಬೆಳಿಗ್ಗೆ ಅಳೆದು ಡೈರಿಯಲ್ಲಿ ಬರೆಯುವವರು ಗಡಿಯ ಆಚೆ ಈಚೆ ಎಷ್ಟೋ ಜನ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ, ಸುಮಾರು 2000 ಚದರ ಕಿಲೋಮೀಟರಿಗೆ ಒಂದೇ ಬಣ್ಣ. ಆದರೆ ಕುಂಬಳೆಯ ಕಡಲ ಬದಿಯಲ್ಲಿ ಬಿದ್ದ ಮಳೆಗೂ ದೇಲಂಪಾಡಿಯ ಕಾಡಿನ ಬದಿಯ ಮಳೆಗೂ ಸಂಬಂಧವೇ ಇರುವುದಿಲ್ಲ. 200 ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಗೆ 8 ಲಕ್ಷ ಲೀಟರ್ ನೀರು. ಅದು ಯಾವ ಇಳಿಜಾರಿನ ಮೇಲೆ ಬಿತ್ತು ಅನ್ನುವುದೇ ಪ್ರಶ್ನೆ. ವಯನಾಡಿನ ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಅನ್ನುವ ಸಂಸ್ಥೆ ಕೃಷಿಕರನ್ನು ಸೇರಿಸಿಕೊಂಡು 200ಕ್ಕೂ ಹೆಚ್ಚು ಕಡೆ ಮಳೆ ಅಳೆಯಿಸುತ್ತದೆ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿ ಹೋಗುವ ಹಿಂದಿನ ದಿನವೇ ಅವರು ಎಚ್ಚರಿಕೆ ಕೊಟ್ಟಿದ್ದರು. ಯಾಕೆ ಸಾಧ್ಯವಾಯಿತು ಅಂದರೆ ಅವರ ಹತ್ತಿರ ಗುಡ್ಡದ ಇಳಿಜಾರಿನ ಹಾಳೆ ಇತ್ತು, ಅದರ ಮೇಲೆ ಆ ದಿನದ ಮಳೆಯ ಹಾಳೆಯನ್ನು ಹಾಸಿ ನೋಡಿದರು. ನಮ್ಮ ಡೈರಿಗಳು ಬೀರುವಿನಲ್ಲಿವೆ. ಅವನ್ನು ಒಂದು ಹಾಳೆಗೆ ತರಲು ಬೇಕಾದದ್ದು ದೊಡ್ಡ ದುಡ್ಡಲ್ಲ, ಟೈಪ್ ಮಾಡುವ ಒಬ್ಬ ಹುಡುಗ.

ಪೆರ್ಲ ಇರುವ ಎಣ್ಮಕಜೆ ಪಂಚಾಯತಿನವರಾಗಿ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಹೇಳದೆ ದಾಟಲು ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ತೋಟ ಗುಡ್ಡೆಯ ತಲೆಯಲ್ಲಿ, ಮನೆ ಗುಡ್ಡೆಯ ಕಾಲಲ್ಲಿ. ನಡುವೆ ಸುರಂಗ, ತೋಡು. ಇಲ್ಲಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಮೋಹನ್ ಕುಮಾರ್ ಅವರಿಗೆ, ಒಂದೇ ಬೈಲಿನ ಮನೆಗಳಿಂದ ಒಂದೇ ಥರದ ಕಾಯಿಲೆಗಳು ಬರುತ್ತಿವೆ ಅಂತ ಅನುಮಾನ ಬಂತು. ಮನೆಗಳ ಚುಕ್ಕಿ, ತೋಟದ ಗಡಿ, ನೀರಿನ ದಾರಿ, ಈ ಮೂರು ಹಾಳೆಯನ್ನು ಯಾರಾದರೂ ಆಗಲೇ ಒಂದರ ಮೇಲೊಂದು ಇಟ್ಟಿದ್ದರೆ ಅಂತ ಯೋಚಿಸುತ್ತೇನೆ. ಡಾಕ್ಟರು ಅದನ್ನು ತಲೆಯಲ್ಲೇ ಇಟ್ಟು ನೋಡಿದ್ದರು. ದೇಶಾದ್ಯಂತ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಎಲ್ಲವನ್ನೂ ನಕ್ಷೆಗೆ ಹಾಕಿ ಎಲ್ಲರಿಗೂ ತೋರಿಸಬೇಕು ಅಂತ ಮಾತ್ರ ನಾನು ಹೇಳುವುದಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅನ್ನುವುದು ಊರಿಗೆಲ್ಲ ಕಾಣುವ ಚುಕ್ಕಿ ಆಗಬಾರದು, ಹುಡುಗಿಗೆ ಮದುವೆ ನಿಂತುಹೋದ ಕತೆ ನಮಗೆ ಗೊತ್ತು. ಇನ್ನೊಂದು, ಚಂದ್ರಗಿರಿ ಹೊಳೆಯಲ್ಲಿ ಒಂದು ಭಾರೀ ಆಮೆ ಇದೆ, ಮೆತ್ತಗಿನ ಚಿಪ್ಪಿನದು, ಜಗತ್ತಿನಲ್ಲೇ ಅಪರೂಪ. 2023ರಲ್ಲಿ ಕಾಸರಗೋಡು ತನಗೆ ಅಂತಲೇ ಜಿಲ್ಲಾ ಮರ, ಹೂವು, ಹಕ್ಕಿ ಆರಿಸಿದಾಗ ಈ ಆಮೆಯನ್ನೂ ಜಿಲ್ಲಾ ಜೀವಿ ಮಾಡಿತು. ಅದರ ಗೂಡು ಸಿಕ್ಕಿದ್ದು ಹೊಳೆ ಬದಿಯವರು ಕೊಟ್ಟ ಮಾಹಿತಿಯಿಂದ. ಆ ಗೂಡಿನ ಅಕ್ಷಾಂಶ ರೇಖಾಂಶವನ್ನು ಮೊಬೈಲಿಗೆ ಹಾಕಿ ಹಂಚಿದರೆ ಮರುದಿನವೇ ಮೊಟ್ಟೆ ಇರುವುದಿಲ್ಲ. ಇಂಥ ಚುಕ್ಕಿಯನ್ನು ಬೇಕೆಂದೇ ಮಸುಕು ಮಾಡಿ, ಐದು ಕಿಲೋಮೀಟರಿನ ಚೌಕದಲ್ಲಿ ಎಲ್ಲೋ ಇದೆ ಅಂತ ತೋರಿಸುವುದೇ ಸರಿ.

ಅದೇ ಹೊಳೆಯ ಇನ್ನೊಂದು ಸಮಸ್ಯೆ ಗಡಿ. ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮ ಕಡೆ ಬರುತ್ತದೆ. ಆ ಕಡೆಯ ಅಂಕಿಅಂಶ ಕನ್ನಡದಲ್ಲಿ, ಈ ಕಡೆಯದ್ದು ಮಲಯಾಳದಲ್ಲಿ. ಕಾಡಿನ ನಕ್ಷೆ ಗಡಿಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಆನೆ ನಿಲ್ಲುವುದಿಲ್ಲ. ಮುಳಿಯಾರು, ಕಾರಡ್ಕದವರನ್ನು ಕೇಳಿ, ಅವರ ಬಾಳೆಗೆ ಬಂದ ಆನೆ ಯಾವ ರಾಜ್ಯದ್ದು ಅಂತ. ಈ ಎರಡು ಹಾಳೆಗಳನ್ನು ಜೋಡಿಸಬಲ್ಲವರು ಎರಡೂ ಭಾಷೆ ಓದುವ ನಮ್ಮಂಥವರು.

ನಮ್ಮ ಗುಡ್ಡೆಯಲ್ಲಿ ಒಟ್ಟು 23 ಸುರಂಗ ಸಿಕ್ಕಿತು. ಬದಿಯಡ್ಕದಲ್ಲಿ ಫ್ಲೆಕ್ಸ್ ಮಾಡುವವರ ಹತ್ತಿರ ದೊಡ್ಡದಾಗಿ ಪ್ರಿಂಟ್ ತೆಗೆಸಿ ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದೆವು. ಕಚೇರಿಗೂ ಒಂದು ಪ್ರತಿ ಕೊಟ್ಟಿದ್ದೇವೆ. ಅರ್ಜಿ ಇನ್ನೂ ಕಡತದಲ್ಲೇ ಇದೆ, ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಮುರಕಲ್ಲಿನೊಳಗೆ ನೀರು ಮೇಲಿನ ಇಳಿಜಾರಿನ ಪ್ರಕಾರವೇ ಹರಿಯಬೇಕೆಂದಿಲ್ಲ ಅಂತ ಅಲ್ಲಿ ಒಬ್ಬರು ಹೇಳಿದರು. ಅದು ನಿಜ. 100 ಮೀಟರಿನ ನಮ್ಮ ವೃತ್ತ ಒಂದು ಅಂದಾಜು ಮಾತ್ರ. ಆದರೆ ಈಗ ಮಾತು ಸುರಂಗ ಇದೆಯೋ ಇಲ್ಲವೋ ಅನ್ನುವುದನ್ನು ದಾಟಿ, ನೀರು ಯಾವ ಕಡೆಯಿಂದ ಬರುತ್ತದೆ ಅನ್ನುವಲ್ಲಿಗೆ ಬಂದಿದೆ.

ಫ್ಲೆಕ್ಸ್ ಅಂಟಿಸಿದ ಮೂರನೇ ದಿನ ಹಾಲು ತಂದ ಅಕ್ಕ ಒಬ್ಬರು ಅದರ ಮುಂದೆ ತುಂಬ ಹೊತ್ತು ನಿಂತರು. ಮತ್ತೆ ಸೊಸೈಟಿಯ ಮೇಜಿನಿಂದ ಪೆನ್ನು ತೆಗೆದು, "ಮಾಷ್ಟ್ರೇ, ಇದು ತಪ್ಪು. ನಮ್ಮ ತೋಡು ಈ ಕಲ್ಲಿನ ಇತ್ಲಾಗಿ ಬರ್ತದೆ" ಅಂತ ಒಂದು ಗೆರೆ ಎಳೆದೇಬಿಟ್ಟರು. ಹೋಗಿ ನೋಡಿದರೆ ಅವರೇ ಸರಿ. ಈಗ ಆ ಫ್ಲೆಕ್ಸಿನ ತುಂಬ ಪೆನ್ನಿನ ಗೆರೆಗಳು, ತಿಂಗಳಿಗೊಮ್ಮೆ ಅದನ್ನು ನೋಡಿ ಕಂಪ್ಯೂಟರಿನಲ್ಲಿ ತಿದ್ದುತ್ತೇನೆ.

ಮೇ 15ರ ಕಾಲಂನಲ್ಲಿ ನಾಲ್ಕು ಮನೆಗಳದ್ದು ಬಾಕಿ ಇದೆ. ಬೀಗ ಹಾಕಿದ ಮನೆಗಳು, ಮಕ್ಕಳು ಬೆಂಗಳೂರಿನಲ್ಲಿ. ಒಂದರಲ್ಲಿ ಬೇಸಿಗೆಯಲ್ಲೂ ನೀರು ಇರುತ್ತದೆ ಅಂತ ಒಬ್ಬರು, ಏಪ್ರಿಲಿಗೇ ಬತ್ತುತ್ತದೆ ಅಂತ ಇನ್ನೊಬ್ಬರು. ಮಕ್ಕಳು "ಇದೆ ಅಂತಲೇ ಹಾಕುವಾ ಸಾರ್" ಅಂದರು. ಹಾಕಲಿಲ್ಲ. ಈ ಸಲ ಮೇ ತಿಂಗಳಲ್ಲಿ ಗೇಟು ಹಾರಿಯಾದರೂ ನೋಡಿ ಬರುವುದು ಅಂತ ಇದ್ದೇವೆ, ಅಲ್ಲಿತನಕ ಆ ನಾಲ್ಕು ಖಾನೆ ಖಾಲಿ.